ಪೊಟ್ಯಾಶಿಯಂ 7.2, ಪೇಷೆಂಟ್ ಮಾತ್ರ ಆರಾಮಾಗಿದ್ರು: ರಕ್ತ ತೆಗೆಯೋದು ಕಲೀತಿರೋರಿಗೆ ಒಂದು ಕೇಸ್

ರಿಪೋರ್ಟ್ ಹೀಗಿತ್ತು. ಸೋಡಿಯಂ 138, ಪೊಟ್ಯಾಶಿಯಂ 7.2, ಯೂರಿಯಾ 29, ಕ್ರಿಯಾಟಿನಿನ್ 1.0, ಕ್ಯಾಲ್ಸಿಯಂ 4.4, ಆಲ್ಕಲೈನ್ ಫಾಸ್ಫಟೇಸ್ 22. ಪೇಷೆಂಟ್ ಅರವತ್ತರ ಆಸುಪಾಸಿನ ಹೆಂಗಸು, ಬಿಪಿ ಶುಗರ್ ಎರಡೂ ಇದೆ, ಮೂರು ತಿಂಗಳಿಗೊಂದ್ಸಲ ಮಾಡಿಸೋ ಮಾಮೂಲಿ ಚೆಕಪ್‌ಗೆ ಹಳ್ಳಿಯಿಂದ ಮೊದಲನೇ ಬಸ್ಸಿಗೆ ಬಂದಿದ್ರು. ಆಸ್ಪತ್ರೆ ಯಾವ್ದು ಅಂತ ಹೇಳಲ್ಲ, ಪೇಷೆಂಟ್ ಗುರುತು ಸಿಗೋ ವಿವರ ಎಲ್ಲಾ ಬಿಟ್ಟಿದೀನಿ. ರಕ್ತ ತೆಗೆದಿದ್ದು ಪೋಸ್ಟಿಂಗ್ ಮೇಲೆ ಬಂದಿದ್ದ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಎರಡನೇ ವರ್ಷದ ಹುಡುಗ. ಅಂಥಾ ಹುಡುಗ ಹುಡುಗೀರಿಗೆ ಕಲೆಕ್ಷನ್ ಕಲಿಸೋದೇ ನನ್ನ ಕೆಲಸ, ಅದಕ್ಕೇ ಈ ಕೇಸ್ ಪೂರ್ತಿ ಬರೀತಿದೀನಿ, ಯಾಕಂದ್ರೆ ಕ್ಲಾಸಲ್ಲಿ ಟ್ಯೂಬ್ ಬಣ್ಣ ಬಾಯಿಪಾಠ ಮಾಡಿಸ್ತೀವಿ, ಆ ಬಣ್ಣ ತಪ್ಪಿದ್ರೆ ವಾರ್ಡಲ್ಲಿ ಏನಾಗುತ್ತೆ ಅಂತ ಯಾರೂ ಕೂರಿಸ್ಕೊಂಡು ಹೇಳಲ್ಲ.

ಪೊಟ್ಯಾಶಿಯಂ 3.5ರಿಂದ 5.1ರ ಒಳಗೆ ಇರ್ಬೇಕು. 6.5 ದಾಟ್ತು ಅಂದ್ರೆ ಹಾರ್ಟ್ ಬಡಿತ ಯಾವ ಗಳಿಗೇಲಿ ಬೇಕಾದ್ರೂ ಹೆಚ್ಚುಕಮ್ಮಿ ಆಗ್ಬಹುದು, ಹಾಗಾಗಿ ಲ್ಯಾಬಿನೋರು ಇಂಥ ನಂಬರ್ ಬಂದ ತಕ್ಷಣ ಡಾಕ್ಟರಿಗೆ ಫೋನ್ ಮಾಡ್ಲೇಬೇಕು, ಅವತ್ತೂ ಮಾಡಿದ್ರು. ಡ್ಯೂಟಿ ಡಾಕ್ಟರ್ ಹಳೇ ಚೀಟಿ ತೆಗೆದು ನೋಡಿದ್ರೆ ಆಯಮ್ಮ ಬಿಪಿಗೆ ಟೆಲ್ಮಿಸಾರ್ಟನ್ ತಗೊಳ್ತಿದ್ರು. ಆ ಗುಂಪಿನ ಮಾತ್ರೆಗಳು ಪೊಟ್ಯಾಶಿಯಂ ಏರಿಸೋದು ನಿಜಾನೇ. ಅಂದ್ರೆ ರಿಪೋರ್ಟ್ ನಂಬೋಕೆ ಒಂದು ಗಟ್ಟಿ ಕಾರಣ ಕೈಯಲ್ಲೇ ಇತ್ತು, ಈ ಕೇಸಲ್ಲಿ ನನಗೆ ಜಾಸ್ತಿ ಭಯ ಆಗೋದು ಈ ಜಾಗದಲ್ಲೇ. ಡಾಕ್ಟರ್ ಅವರನ್ನ ಹುಡುಕಿಸಿ ಕರೆಸಿ ಬೆಡ್ ಮೇಲೆ ಮಲಗಿಸಿ ಇಸಿಜಿ ತೆಗೆಸಿದ್ರು, ಅಡ್ಮಿಟ್ ಮಾಡೋಕೆ ಹೇಳಿದ್ರು, ಕ್ಯಾಲ್ಸಿಯಂ ಗ್ಲೂಕೋನೇಟು, ಇನ್ಸುಲಿನ್ ಜೊತೆ ಗ್ಲೂಕೋಸು ರೆಡಿ ಮಾಡ್ಕೊಳ್ಳಿ ಅಂದ್ರು. ನಿಜವಾಗ್ಲೂ 7.2 ಇದ್ರೆ ಇದೇ ಸರಿಯಾದ ಟ್ರೀಟ್‌ಮೆಂಟು. ಇನ್ಸುಲಿನ್ ರಕ್ತದಲ್ಲಿರೋ ಪೊಟ್ಯಾಶಿಯಮ್ಮನ್ನ ಜೀವಕೋಶದ ಒಳಗೆ ತಳ್ಳುತ್ತೆ. ಆದ್ರೆ ಪೊಟ್ಯಾಶಿಯಂ ಸರಿಯಾಗೇ ಇರೋರಿಗೆ ಇದನ್ನ ಕೊಟ್ರೆ ಅದು ಇಳಿದು ಕೆಳಗೆ ಹೋಗುತ್ತೆ, ಹಾರ್ಟಿನ ತೊಂದ್ರೆ ಆವಾಗ ಹೊಸದಾಗಿ ಶುರುವಾಗುತ್ತೆ, ಅದರ ಮೇಲೆ ಶುಗರ್ ಡೌನ್ ಆಗೋ ರಿಸ್ಕ್ ಬೇರೆ.

ಇಸಿಜಿ ನಾರ್ಮಲ್ ಬಂತು. ಪೊಟ್ಯಾಶಿಯಂ ಜಾಸ್ತಿ ಆದಾಗ ಟಿ ಅಲೆ ಚೂಪಾಗಿ ಎದ್ದು ನಿಲ್ಲುತ್ತೆ, ಅಂಥದ್ದೇನೂ ಇರ್ಲಿಲ್ಲ. ಇಸಿಜಿ ನಾರ್ಮಲ್ ಇದ್ರೂ ಪೊಟ್ಯಾಶಿಯಂ ನಿಜವಾಗ್ಲೂ ಜಾಸ್ತಿ ಇರ್ಬಹುದು, ಹಾಗಾಗಿ ಬರೀ ಅದನ್ನ ನೋಡಿ ಸುಮ್ನಾಗೋ ಹಾಗಿಲ್ಲ. ಆದ್ರೆ ಕ್ಯಾಲ್ಸಿಯಂ 4.4 ಅಂತ ಇತ್ತಲ್ಲ, 8.5ರ ಮೇಲೆ ಇರಬೇಕಾದ್ದು. ಅಷ್ಟು ಇಳಿದಿದ್ರೆ ಕೈಬೆರಳು ಸೆಟೆದುಕೊಳ್ಳೋದು, ತುಟಿ ಸುತ್ತ ಜೋಮು ಹಿಡಿಯೋದು, ಫಿಟ್ಸ್ ಬರೋದು ಇವೆಲ್ಲ ಆಗ್ಬೇಕಿತ್ತು. ಆಯಮ್ಮ ಬೆಡ್ ಮೇಲೆ ಎದ್ದು ಕೂತು, ಹೊಟ್ಟೆಗೆ ಒಂದೆರಡು ಇಡ್ಲಿ ತಿಂದು ಬಂದೀನಿ ಕಣಮ್ಮಾ, ಮಧ್ಯಾಹ್ನದ ಬಸ್ಸಿಗೆ ಬಿಡ್ತೀರಾ ಇಲ್ವಾ ಅಂತ ನರ್ಸಮ್ಮನ್ನ ಕೇಳ್ತಿದ್ರು.

ಅನುಮಾನ ಮೊದಲು ಬಂದಿದ್ದು ಲ್ಯಾಬಲ್ಲಿ ಬಯೋಕೆಮಿಸ್ಟ್ರಿ ಮಷಿನ್ ನೋಡ್ಕೊಳ್ಳೋ ಸೀನಿಯರ್ ಟೆಕ್ನಿಷಿಯನ್‌ಗೆ. ಫೋನಲ್ಲಿ ನಂಬರ್ ಹೇಳಿ ಇಟ್ಟ ಮೇಲೆ ಅವರು ರಿಪೋರ್ಟನ್ನ ಇನ್ನೊಂದ್ಸಲ ಮೇಲಿಂದ ಕೆಳಗೆ ಓದಿದ್ರು. ಕಿಡ್ನಿ ಕೆಟ್ಟು ಪೊಟ್ಯಾಶಿಯಂ ಏರಿದ್ರೆ ಕ್ರಿಯಾಟಿನಿನ್ 1.0 ಇರೋದು ಕಷ್ಟ. ರಕ್ತಕಣ ಒಡೆದು ಏರಿದ್ರೆ, ಅಂದ್ರೆ ಹೀಮೊಲಿಸಿಸ್ ಆಗಿದ್ರೆ, ಸೀರಮ್, ಅಂದ್ರೆ ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲೋ ತಿಳಿ ದ್ರವ, ಕೆಂಪು ಅಥವಾ ಪಿಂಕ್ ಆಗಿರ್ಬೇಕು. ಟ್ಯೂಬ್ ಬೆಳಕಿಗೆ ಹಿಡಿದು ನೋಡಿದ್ರೆ ಸೀರಮ್ ಒಳ್ಳೆ ತಿಳಿ ಹಳದಿ ಬಣ್ಣ, ಕೆಳಗಿನ ಕ್ಲಾಟ್ ಮಾತ್ರ ಗಟ್ಟಿ ಕೂತಿರ್ಲಿಲ್ಲ, ಮೆತ್ತಗೆ ಅಲ್ಲಾಡ್ತಿತ್ತು. ಪೊಟ್ಯಾಶಿಯಂ ಮೇಲೆ, ಕ್ಯಾಲ್ಸಿಯಂ ಕೆಳಗೆ, ಆಲ್ಕಲೈನ್ ಫಾಸ್ಫಟೇಸೂ ಕೆಳಗೆ, ಸೋಡಿಯಂ ಕ್ರಿಯಾಟಿನಿನ್ ಎರಡೂ ಸರಿ. ಇವೆಲ್ಲಾ ಒಟ್ಟಿಗೆ ಕಂಡ್ರೆ ತಲೇಲಿ ಬರಬೇಕಾದ ಮೊದಲನೇ ಹೆಸರು ಇಡಿಟಿಎ. ರಕ್ತ ಹೆಪ್ಪುಗಟ್ಟದ ಹಾಗೆ ಪರ್ಪಲ್ ಟ್ಯೂಬಲ್ಲಿ ಹಾಕಿರೋ ಔಷಧಿ. ಅವರು ತಕ್ಷಣ ವಾರ್ಡಿಗೆ ಇನ್ನೊಂದು ಫೋನ್ ಮಾಡಿ, ಡಾಕ್ಟ್ರೇ ಒಂದೈದು ನಿಮಿಷ ತಡೀರಿ, ಹೊಸ ಸ್ಯಾಂಪಲ್ ಬೇಕು ಅಂದ್ರು.

ಈಗ ಬೆಳಿಗ್ಗೆ ಕಲೆಕ್ಷನ್ ರೂಮಲ್ಲಿ ಆಗಿದ್ದಕ್ಕೆ ಬರ್ತೀನಿ.

ಎಂಟೂವರೆಯಿಂದ ಹತ್ತರ ತನಕ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ, ಎಲ್ಲರೂ ಖಾಲಿ ಹೊಟ್ಟೇಲಿ ಬಂದಿರ್ತಾರೆ, ತಿಂಡಿ ತಿನ್ನೋ ಆತುರ, ಟೋಕನ್ ಜಗಳ. ಆಯಮ್ಮನ ಟೋಕನ್ ಬಂತು. ಕೈ ದಪ್ಪ, ವೇನ್ ಕಣ್ಣಿಗೆ ಕಾಣಲ್ಲ. ಹುಡುಗ ಟೂರ್ನಿಕೆಟ್, ಅಂದ್ರೆ ವೇನ್ ಉಬ್ಬೋಕೆ ತೋಳಿಗೆ ಬಿಗಿಯೋ ಪಟ್ಟಿ, ಕಟ್ಟಿ ಹುಡುಕ್ತಾ ನಿಂತ, ಮುಷ್ಟಿ ಮುಚ್ಚಿ ಬಿಚ್ಚಿ ಮಾಡಿ ಅಮ್ಮಾ ಅಂದ, ಆಮೇಲೆ 5 ಎಂಎಲ್ ಸಿರಿಂಜಲ್ಲಿ ಚುಚ್ಚಿದ. ರಕ್ತ ನಿಧಾನಕ್ಕೆ ಬಂತು, ಸಿರಿಂಜ್ ತುಂಬೋಕೆ ಸ್ವಲ್ಪ ಮುಂಚೆ ನಿಂತೋಯ್ತು. ಮೊದಲು ಪರ್ಪಲ್ ಟ್ಯೂಬಿಗೆ ಗೆರೆ ತನಕ 2 ಎಂಎಲ್ ಹಾಕ್ದ, ಶುಗರಿಗೆ ಗ್ರೇ ಟ್ಯೂಬಿಗೆ ಸ್ವಲ್ಪ, ಮಿಕ್ಕಿದ್ದು ಕೆಂಪು ಮುಚ್ಚಳದ, ರಕ್ತ ಹೆಪ್ಪುಗಟ್ಟೋಕೆ ಬಿಡೋ ಪ್ಲೇನ್ ಟ್ಯೂಬಿಗೆ, ಅದು 2 ಎಂಎಲ್ಲೂ ಇರ್ಲಿಲ್ಲ. ಚೀಟೀಲಿ ಕಿಡ್ನಿ ಟೆಸ್ಟು, ಲಿವರ್ ಟೆಸ್ಟು, ಎಲೆಕ್ಟ್ರೋಲೈಟ್ಸು, ಕ್ಯಾಲ್ಸಿಯಂ ಅಂತ ಉದ್ದದ ಪಟ್ಟಿ. ಇಷ್ಟಕ್ಕೆ ಇದು ಸಾಲಲ್ಲ ಅನ್ನಿಸ್ತು. ಆಯಮ್ಮ ಆಗ್ಲೇ ಹತ್ತಿ ಒತ್ಕೊಂಡು ಎದ್ದಿದ್ರು, ಮುಂದಿನ ಟೋಕನ್ನೋರು ಬಂದು ಕುರ್ಚೀಲಿ ಕೂತಾಗಿತ್ತು. ಹುಡುಗ ಪರ್ಪಲ್ ಟ್ಯೂಬಿನ ಮುಚ್ಚಳ ತೆಗೆದು ಅದರಿಂದ ಅರ್ಧ ಎಂಎಲ್ಲಿನಷ್ಟು ಪ್ಲೇನ್ ಟ್ಯೂಬಿಗೆ ಬಗ್ಗಿಸ್ಬಿಟ್ಟ.

ಅವನ ಲೆಕ್ಕದಲ್ಲಿ ಒಂದೇ ಕೈಯಿಂದ ಬಂದ ಒಂದೇ ರಕ್ತ, ಯಾವ ಟ್ಯೂಬಲ್ಲಿದ್ರೆ ಏನು.

ಅದು ಯಾಕೆ ಒಂದೇ ಅಲ್ಲ ಅನ್ನೋದನ್ನ ಪ್ರತಿ ಸ್ಟೂಡೆಂಟೂ ಅರ್ಥ ಮಾಡ್ಕೊಂಡೇ ಸೂಜಿ ಹಿಡೀಬೇಕು. ಪರ್ಪಲ್ ಟ್ಯೂಬಿನ ಒಳಗೋಡೆಗೆ ಬಳಿದಿರೋದು ಇಡಿಟಿಎಯ ಪೊಟ್ಯಾಶಿಯಂ ಉಪ್ಪು. 1 ಎಂಎಲ್ ರಕ್ತಕ್ಕೆ ಸುಮಾರು 1.8 ಮಿಲಿಗ್ರಾಂ. ರಕ್ತ ಹೆಪ್ಪುಗಟ್ಟೋಕೆ ಕ್ಯಾಲ್ಸಿಯಂ ಬೇಕೇ ಬೇಕು, ಇಡಿಟಿಎ ಆ ಕ್ಯಾಲ್ಸಿಯಮ್ಮನ್ನ ಹಿಡಿದಿಟ್ಟು ಬಿಡಲ್ಲ, ಅದಕ್ಕೇ ಆ ಟ್ಯೂಬಲ್ಲಿ ರಕ್ತ ನೀರಾಗೇ ಇರುತ್ತೆ, ಸಿಬಿಸಿಗೆ (ರಕ್ತಕಣ ಎಣಿಸೋ ಟೆಸ್ಟಿಗೆ) ನಮಗೆ ಬೇಕಾಗಿರೋದೂ ಅದೇ. ಆ ರಕ್ತ ಪ್ಲೇನ್ ಟ್ಯೂಬಿಗೆ ಬಿದ್ರೆ ಮೂರು ಕೆಲಸ ಒಟ್ಟಿಗೆ ಆಗುತ್ತೆ. ಉಪ್ಪಿನ ಜೊತೆ ಬಂದ ಪೊಟ್ಯಾಶಿಯಮ್ಮೂ ಮಷಿನ್ ಲೆಕ್ಕಕ್ಕೆ ಸೇರ್ಕೊಳ್ಳುತ್ತೆ. ಕ್ಯಾಲ್ಸಿಯಂ ಇಡಿಟಿಎ ಹಿಡಿತದಲ್ಲಿ ಇರೋದ್ರಿಂದ ಮಷಿನ್‌ಗೆ ಕಮ್ಮಿ ಕಾಣುತ್ತೆ. ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಎನ್‌ಜೈಮ್ ಕೆಲಸ ಮಾಡೋಕೆ ಜಿಂಕು ಮೆಗ್ನೀಷಿಯಮ್ಮು ಬೇಕು, ಇಡಿಟಿಎ ಅವನ್ನೂ ಹಿಡಿಯುತ್ತೆ, ಹಾಗಾಗಿ ಅದೂ ಬಿದ್ದೋಗುತ್ತೆ. ಐದರಲ್ಲಿ ಒಂದು ಪಾಲು ಪರ್ಪಲ್ ರಕ್ತ ಸೇರಿದ್ರೂ ಸಾಕು, ಪೊಟ್ಯಾಶಿಯಂ ಹೆಚ್ಚುಕಮ್ಮಿ 3 ಏರಿಬಿಡುತ್ತೆ. ನಾಲ್ಕು ಚಿಲ್ಲರೆ ಇದ್ದಿದ್ದು ಏಳು ಚಿಲ್ಲರೆ ಆಗಿದ್ದು ಹೀಗೆ. ಮಷಿನ್ ಕೆಟ್ಟಿರ್ಲಿಲ್ಲ, ತನಗೆ ಕೊಟ್ಟಿದ್ದನ್ನ ಸರಿಯಾಗೇ ಅಳೀತು.

ಆರ್ಡರ್ ಆಫ್ ಡ್ರಾ, ಅಂದ್ರೆ ಟ್ಯೂಬ್ ತುಂಬೋ ಸಾಲು, ಅಂತ ನಿಮಗೆ ಕಲಿಸೋದು ಇದಕ್ಕೇ. ಮೊದಲು ಬ್ಲಡ್ ಕಲ್ಚರ್ ಬಾಟ್ಲು, ಆಮೇಲೆ ತಿಳಿನೀಲಿ ಸಿಟ್ರೇಟ್, ಆಮೇಲೆ ಕೆಂಪು ಅಥವಾ ಹಳದಿ, ಆಮೇಲೆ ಹಸಿರು ಹೆಪಾರಿನ್, ಆಮೇಲೆ ಪರ್ಪಲ್, ಕೊನೇಲಿ ಗ್ರೇ. ಸಿರಿಂಜಿಂದ ಟ್ಯೂಬಿಗೆ ಹಾಕೋವಾಗ್ಲೂ ಇದೇ ಸಾಲು. ಹಿಂದಿನ ಟ್ಯೂಬಿನ ಔಷಧಿ ಸೂಜಿ ತುದೀಲಿ ಅಂಟ್ಕೊಂಡು ಮುಂದಿನ ಟ್ಯೂಬಿಗೆ ಹೋದ್ರೂ ಅಲ್ಲಿನ ಟೆಸ್ಟ್ ಕೆಡಬಾರದು ಅನ್ನೋದು ಇದರ ಹಿಂದಿರೋ ಲೆಕ್ಕ. ಹಾಗೆ ಸೂಜಿಯಿಂದ ಹೋಗೋದು ತೀರಾ ಸ್ವಲ್ಪ, ಹುಷಾರಾಗಿ ತೆಗೆದ್ರೆ ಅದರಿಂದ ಇಷ್ಟು ದೊಡ್ಡ ವ್ಯತ್ಯಾಸ ಬರೋದು ಅಪರೂಪ. ಒಂದು ಟ್ಯೂಬಿಂದ ಇನ್ನೊಂದಕ್ಕೆ ಬಗ್ಗಿಸೋದು ಮಾತ್ರ ಯಾವತ್ತೂ, ಯಾವ ಕಾರಣಕ್ಕೂ ಇಲ್ಲ. ಮುಚ್ಚಳ ಅದಲುಬದಲು ಮಾಡೋದೂ ಅಷ್ಟೇ, ಪರ್ಪಲ್ ಮುಚ್ಚಳದ ಒಳಗೆ ಅಂಟಿರೋ ರಕ್ತದಲ್ಲೂ ಇಡಿಟಿಎ ಇರುತ್ತೆ. ಗ್ರೇ ಟ್ಯೂಬಿಂದಲೂ ಬಗ್ಗಿಸೋ ಹಾಗಿಲ್ಲ, ಅದರಲ್ಲಿ ಫ್ಲೋರೈಡ್ ಜೊತೆ ಆಕ್ಸಲೇಟೋ ಇಡಿಟಿಎಯೋ ಇರುತ್ತೆ. ಫ್ಲೋರೈಡ್ ಇರೋದು ಶುಗರ್ ಉಳಿಸೋಕೆ, ಅದಿಲ್ಲದ ಟ್ಯೂಬಲ್ಲಿ ರಕ್ತ ಸುಮ್ನೆ ಇಟ್ರೆ ಕಣಗಳು ಸಕ್ಕರೆ ತಿಂದು ಗಂಟೆಗೆ 5ರಿಂದ 7 ಪರ್ಸೆಂಟ್ ಇಳಿಸಿಬಿಡ್ತವೆ.

ಬಗ್ಗಿಸಿದ್ದು ದೊಡ್ಡದು. ಆದ್ರೆ ಅದಕ್ಕೂ ಮುಂಚೆ ಚುಚ್ಚೋ ಟೈಮಲ್ಲಿ ಆಗಿದ್ದನ್ನೂ ನೋಡ್ಬೇಕು, ರಕ್ತ ಕಮ್ಮಿ ಬಂದಿದ್ದು ಅಲ್ಲಿಂದಾನೇ.

ಟೂರ್ನಿಕೆಟ್ ಚುಚ್ಚೋ ಜಾಗದಿಂದ ನಾಲ್ಕು ಬೆರಳು ಮೇಲೆ ಕಟ್ಬೇಕು, ಒಂದು ನಿಮಿಷದ ಮೇಲೆ ಇಡಬಾರದು. ವೇನ್ ಸಿಗಲಿಲ್ಲ ಅಂದ್ರೆ ಬಿಚ್ಚಿ, ಎರಡು ನಿಮಿಷ ಬಿಟ್ಟು ಮತ್ತೆ ಕಟ್ಟಿ. ಇಲ್ಲಿ ಹುಡುಕೋಕೇ ಅದಕ್ಕಿಂತ ಜಾಸ್ತಿ ಹೊತ್ತಾಗಿತ್ತು. ಮುಷ್ಟಿ ಮುಚ್ಚಿ ಬಿಚ್ಚಿ ಮಾಡ್ಸೋದು ನಮ್ಮ ಕಡೆ ಎಲ್ಲಾ ಕಲೆಕ್ಷನ್ ರೂಮಲ್ಲೂ ಇರೋ ಅಭ್ಯಾಸ, ನಿಲ್ಲಿಸ್ಬೇಕು. ಕೆಲಸ ಮಾಡೋ ಮಾಂಸಖಂಡದಿಂದ ಪೊಟ್ಯಾಶಿಯಂ ಹೊರಗೆ ಬರುತ್ತೆ, ಕಟ್ಟು ಬಿಗಿಯಾಗಿರೋದ್ರಿಂದ ಅಲ್ಲೇ ನಿಲ್ಲುತ್ತೆ, ಬರೀ ಇದರಿಂದಾನೇ 1ರಷ್ಟು ಏರಬಹುದು. ಮುಷ್ಟಿ ಒಂದ್ಸಲ ಮೆತ್ತಗೆ ಮುಚ್ಚಿ ಇಟ್ಕೊಂಡ್ರೆ ಸಾಕು, ರಕ್ತ ಬರೋಕೆ ಶುರುವಾದ ಮೇಲೆ ಬಿಡಿಸ್ಬೇಕು.

ದಪ್ಪ ಕೈಯಲ್ಲಿ ವೇನನ್ನ ಕಣ್ಣಲ್ಲಿ ಹುಡುಕಬೇಡಿ, ತೋರುಬೆರಳಲ್ಲಿ ಹುಡುಕಿ. ಒತ್ತಿದ್ರೆ ಸ್ಪಂಜಿನ ಹಾಗೆ ಒಳಗೆ ಹೋಗಿ ವಾಪಸ್ ಏಳುತ್ತೆ, ಅದು ವೇನ್. ಟಿಕ್ ಟಿಕ್ ಅಂತ ಬಡೀತಿದ್ರೆ ಅದು ಆರ್ಟರಿ, ಮುಟ್ಟಬೇಡಿ. ದಾರದ ಹಾಗೆ ಗಟ್ಟಿ ಜಾರ್ತಿದ್ರೆ ಟೆಂಡನ್ನೋ ಗಟ್ಟಿಯಾಗಿಹೋದ ಹಳೇ ವೇನೋ ಇರ್ಬಹುದು. ಮೊಣಕೈ ಮಡಿಕೆಯ ನಡುವೆ ಇರೋ ಮೀಡಿಯನ್ ಕ್ಯೂಬಿಟಲ್ ಮೊದಲನೇ ಆಯ್ಕೆ, ದೊಡ್ಡದು, ಜಾರಲ್ಲ, ನೋವು ಕಮ್ಮಿ. ಅದು ಸಿಗ್ಲಿಲ್ಲ ಅಂದ್ರೆ ಹೆಬ್ಬೆರಳ ಕಡೆಯ ಸೆಫಾಲಿಕ್, ದಪ್ಪ ಇರೋರಲ್ಲಿ ಎಷ್ಟೋ ಸಲ ಕೈ ಹಿಡಿಯೋದು ಇದೇ. ಒಳಗಡೆ, ಕಿರುಬೆರಳ ಕಡೆ ಇರೋ ಬೆಸಿಲಿಕ್ ಚೆನ್ನಾಗಿ ಕಾಣುತ್ತೆ, ಆಸೆ ಹುಟ್ಟಿಸುತ್ತೆ, ಆದ್ರೆ ಅದರ ಹತ್ರಾನೇ ಬ್ರೇಕಿಯಲ್ ಆರ್ಟರಿ, ಮೀಡಿಯನ್ ನರ್ವ್ ಇದಾವೆ, ಹಾಗಾಗಿ ಅದು ಕೊನೆಗೆ. ಚುಚ್ಚಿದಾಗ ಪೇಷೆಂಟ್ ಬೆರಳ ತನಕ ಕರೆಂಟ್ ಹೊಡೆದ ಹಾಗಾಯ್ತು ಅಂದ್ರೆ ಯೋಚನೆ ಮಾಡ್ತಾ ನಿಲ್ಲಬೇಡಿ, ಟೂರ್ನಿಕೆಟ್ ಬಿಟ್ಟು ತಕ್ಷಣ ಸೂಜಿ ತೆಗೀರಿ. ಡ್ರಿಪ್ ಹೋಗ್ತಿರೋ ಕೈ, ಡಯಾಲಿಸಿಸ್ ಫಿಸ್ಟುಲಾ (ಆಪರೇಷನ್ ಮಾಡಿ ಆರ್ಟರಿಗೆ ವೇನ್ ಜೋಡಿಸಿರೋದು) ಇರೋ ಕೈ, ಸ್ತನದ ಆಪರೇಷನ್ ಆದ ಕಡೆಯ ಕೈ ಬೇಡ.

ಸ್ಪಿರಿಟ್ ಹಚ್ಚಿ ಮೂವತ್ತು ಸೆಕೆಂಡ್ ಒಣಗೋಕೆ ಬಿಡಿ. ಊದಬೇಡಿ, ಒಣಗಿದ ಮೇಲೆ ವೇನ್ ಎಲ್ಲಿತ್ತು ಅಂತ ಬೆರಳಿಟ್ಟು ಇನ್ನೊಂದ್ಸಲ ಮುಟ್ಟಬೇಡಿ. ಹಸಿ ಇರೋವಾಗ್ಲೇ ಚುಚ್ಚಿದ್ರೆ ಉರಿಯುತ್ತೆ, ರಕ್ತಕಣ ಒಡೆಯೋ ಚಾನ್ಸೂ ಇದೆ. ಸೂಜಿಯ ಓರೆ ಮುಖ ಮೇಲಕ್ಕಿರ್ಬೇಕು, ಎಡಗೈ ಹೆಬ್ಬೆರಳಲ್ಲಿ ಚರ್ಮ ಕೆಳಕ್ಕೆ ಎಳೆದು ಹಿಡೀಬೇಕು, 15ರಿಂದ 30 ಡಿಗ್ರಿ ಓರೆಯಲ್ಲಿ ಒಂದೇ ಸಲಕ್ಕೆ ಹೋಗ್ಬೇಕು. ದೊಡ್ಡೋರಿಗೆ 21 ಅಥವಾ 22 ಗೇಜ್ ದಪ್ಪದ ಸೂಜಿ ಸಾಕು. ಸಿರಿಂಜ್ ಪ್ಲಂಜರ್ ಜೋರಾಗಿ ಎಳೆದ್ರೆ ವೇನಿನ ಗೋಡೆ ಸೂಜಿ ಬಾಯಿಗೆ ಅಂಟ್ಕೊಂಡು ರಕ್ತ ನಿಂತೋಗುತ್ತೆ, ಅವತ್ತು ಆಗಿದ್ದು ಬಹುಶಃ ಇದೇ, ಇಂಥಾ ಟೈಮಲ್ಲಿ ಎಳೆಯೋದನ್ನ ಸಡಿಲ ಮಾಡಿ, ಸೂಜೀನ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿದ್ರೆ ಎಷ್ಟೋ ಸಲ ಮತ್ತೆ ಬರುತ್ತೆ. ಒಳಗೇ ಅತ್ತ ಇತ್ತ ತಿರುಗಿಸಿ ಹುಡುಕೋ ಹಾಗಿಲ್ಲ. ಮೊದಲು ಟೂರ್ನಿಕೆಟ್ ಬಿಚ್ಚಿ, ಆಮೇಲೆ ಸೂಜಿ ತೆಗೀರಿ, ಹತ್ತಿ ಇಟ್ಟು ಕೈ ನೇರ ಇಟ್ಕೊಂಡು ಒತ್ಕೊಳ್ಳಿ ಅನ್ನಿ. ಕೈ ಮಡಚ್ಕೊಳ್ಳಿ ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರೆ, ಮಡಚಿದ್ರೆ ಒತ್ತಡ ಸರಿಯಾದ ಜಾಗಕ್ಕೆ ಬೀಳಲ್ಲ, ಬಿಡಿಸಿದ ತಕ್ಷಣ ಒಳಗೆ ರಕ್ತ ಸೋರಿ ನೀಲಿಗಟ್ಟುತ್ತೆ.

ಸಿರಿಂಜಿಂದ ಟ್ಯೂಬಿಗೆ ಹಾಕೋವಾಗ ಸೂಜಿ ಮೂಲಕ ರಭಸದಿಂದ ತಳ್ಳಬೇಡಿ, ಕಣ ಒಡೆದು ಹೀಮೊಲಿಸಿಸ್ ಆಗುತ್ತೆ. ಟ್ರಾನ್ಸ್‌ಫರ್ ಡಿವೈಸ್ (ಸಿರಿಂಜಿಂದ ಟ್ಯೂಬಿಗೆ ರಕ್ತ ದಾಟಿಸೋ ಸಾಧನ) ಇದ್ರೆ ಅದರಲ್ಲೇ ಮಾಡಿ. ಇಲ್ಲದ ಕಡೆ ಸೂಜೀನ ಕ್ಯಾಪ್ ಹಾಕದೆ, ಕೈಯಲ್ಲಿ ಮುಟ್ಟದೆ, ಸೂಜಿ ತೂರಿ ಹೊರಬರದ ಬಿಳಿ ಡಬ್ಬದ ಮುಚ್ಚಳದ ಕಚ್ಚಿಗೆ ಸಿಕ್ಕಿಸಿ ಬಿಡಿಸಿ, ರಕ್ತವನ್ನ ಟ್ಯೂಬಿನ ಗೋಡೆ ಮೇಲೆ ಮೆಲ್ಲಗೆ ಇಳಿಬಿಡಿ. ಆಮೇಲೆ ತಲೆಕೆಳಗು ಮಾಡಿ ಮಿಕ್ಸ್ ಮಾಡೋದು, ಪರ್ಪಲ್ಲು ಗ್ರೇ 8ರಿಂದ 10 ಸಲ, ಸಿಟ್ರೇಟ್ 3ರಿಂದ 4 ಸಲ, ಅಲ್ಲಾಡಿಸೋ ಹಾಗಿಲ್ಲ. ಹೆಸರು ಬರೆಯೋದು ರಕ್ತ ತೆಗೆದ ಮೇಲೆ, ಪೇಷೆಂಟ್ ಎದುರಿಗೇ. ಲಕ್ಷ್ಮಮ್ಮ ಅಲ್ವಾ ಅಂತ ಕೇಳಿದ್ರೆ ಆತುರದಲ್ಲಿ ಯಾರು ಬೇಕಾದ್ರೂ ಹೂಂ ಅಂತಾರೆ, ಹಾಗಾಗಿ ನಿಮ್ಮ ಹೆಸರೇನಮ್ಮಾ, ವಯಸ್ಸೆಷ್ಟು ಅಂತ ಅವರ ಬಾಯಲ್ಲೇ ಹೇಳಿಸಿ, ಚೀಟಿ ನಂಬರ್ ಜೊತೆ ತಾಳೆ ನೋಡಿ. ಈ ಕೇಸಲ್ಲಿ ಹುಡುಗ ಹೆಸರಿನ ವಿಷಯ ಸರಿಯಾಗೇ ಮಾಡಿದ್ದ. ಅದಕ್ಕೇ ಆಯಮ್ಮನ್ನ ಅಷ್ಟು ಬೇಗ ಹುಡುಕಿ ಕರೆಸೋಕಾಯ್ತು.

ಲ್ಯಾಬಿನ ಸೀನಿಯರ್ ಅವನನ್ನ ಕರೆಸಿ ಕೇಳಿದ ರೀತಿ ನನಗೆ ತುಂಬಾ ಇಷ್ಟ ಆಯ್ತು. ಯಾರೂ ಇಲ್ಲದ ಕಡೆ ಕೂರಿಸಿ, ನೋಡಪ್ಪಾ, ಕೆಂಪು ಟ್ಯೂಬಿಗೆ ರಕ್ತ ಎಲ್ಲಿಂದ ಬಂತು ಹೇಳು, ಬೈಯೋಕಲ್ಲ, ಆಯಮ್ಮನಿಗೆ ಇನ್ಸುಲಿನ್ ಹಾಕ್ಬೇಕೋ ಬೇಡ್ವೋ ಅಂತ ಈಗ್ಲೇ ತೀರ್ಮಾನ ಆಗ್ಬೇಕು ಅಂದ್ರು. ಹುಡುಗ ತಕ್ಷಣ ಹೇಳ್ದ, ಕಮ್ಮಿ ಇತ್ತು ಸರ್, ಪರ್ಪಲ್ಲಿಂದ ಸೇರಿಸ್ದೆ. ಎಲ್ಲರ ಮುಂದೆ ಕೂಗಾಡಿದ್ರೆ ಅವನು ಇಲ್ಲ ಸರ್ ಅಂತಾನೇ ಹೇಳ್ತಿದ್ದ ಅಂತ ನನ್ನ ಅನಿಸಿಕೆ. ಸೀನಿಯರ್ಸ್ ಯಾರಾದ್ರೂ ಓದ್ತಿದ್ರೆ ಇದನ್ನ ದಯವಿಟ್ಟು ಗಮನಿಸಿ, ಸ್ಟೂಡೆಂಟ್ ನಿಜ ಹೇಳೋಕೆ ಹೆದರೋ ಲ್ಯಾಬಲ್ಲಿ ಪೇಷೆಂಟ್‌ಗೆ ರಕ್ಷಣೆ ಇಲ್ಲ.

ಯಾಕೆ ಬಗ್ಗಿಸ್ದೆ ಅಂತ ಆಮೇಲೆ ನಾನು ಕೇಳಿದಾಗ ಅವನು ಹೇಳಿದ್ದು, ಅಜ್ಜಿಗೆ ಇನ್ನೊಂದ್ಸಲ ಚುಚ್ತೀನಿ ಅನ್ನೋಕೆ ಬಾಯಿ ಬರ್ಲಿಲ್ಲ. ಈ ಕೇಸಿನ ಬೇರು ಇದು. ಆರ್ಡರ್ ಆಫ್ ಡ್ರಾ ಅವನಿಗೆ ಬಾಯಿಪಾಠ ಇತ್ತು, ಪರೀಕ್ಷೇಲಿ ಕೇಳಿದ್ರೆ ತಪ್ಪಿಲ್ಲದೆ ಬರೀತಿದ್ದ. ಕಲಿತಿಲ್ಲದೇ ಇದ್ದಿದ್ದು ಆ ಒಂದು ಮಾತು ಹೇಳೋದನ್ನ. ವೇನ್ ಹುಡುಕೋದನ್ನ ಹೇಗೆ ಅಭ್ಯಾಸ ಮಾಡಿಸ್ತೀವೋ ಇದನ್ನೂ ಹಾಗೇ ಜೋರಾಗಿ ಹೇಳಿಸಿ ಅಭ್ಯಾಸ ಮಾಡಿಸ್ಬೇಕು: ಅಮ್ಮಾ, ರಕ್ತ ಸಾಲದೇ ಬಂದಿದೆ, ಬೇಜಾರ್ ಮಾಡ್ಕೋಬೇಡಿ, ಇನ್ನೊಂದ್ಸಲ ತೆಗೀಬೇಕು. ಎರಡು ಸಲ ಚುಚ್ಚಿಯೂ ಸಿಗ್ಲಿಲ್ಲ ಅಂದ್ರೆ ಮೂರನೇ ಸಲ ನೀವೇ ಚುಚ್ಚೋ ಹಾಗಿಲ್ಲ, ಸೀನಿಯರ್ ಕರೀಬೇಕು, ಅದರಲ್ಲಿ ಅವಮಾನ ಏನೂ ಇಲ್ಲ.

ಎರಡನೇ ಸ್ಯಾಂಪಲ್ ತೆಗೆಯೋಕೆ ವಾರ್ಡಿಗೆ ಅವನನ್ನೇ ಕರ್ಕೊಂಡು ಹೋದ್ವಿ, ಪಕ್ಕದಲ್ಲಿ ನಾನು ನಿಂತಿದ್ದೆ. ಬೆಳಿಗ್ಗೆ ತೆಗೆದ ರಕ್ತ ನಮ್ಮ ಕಡೆಯಿಂದ ಕೆಟ್ಟಿತ್ತು ಅಜ್ಜಿ, ಅದಕ್ಕೇ ರಿಪೋರ್ಟ್ ತಪ್ಪು ಬಂತು, ಇನ್ನೊಂದ್ಸಲ ಕೊಡ್ತೀರಾ ಅಂತ ಅವನೇ ಕೇಳ್ದ. ಅವರು, ಅಯ್ಯೋ ಅಷ್ಟೇನಾ, ನಾನು ಏನೋ ದೊಡ್ಡ ಕಾಯ್ಲೇನೇ ಬಂತು ಅನ್ಕೊಂಡಿದ್ನಲ್ಲ ಮಗಾ, ತಗೋ ಆ ಕೈ ಬೇಡ ಈ ಕೈ ನೋಡು ಅಂತ ಎಡಗೈ ಚಾಚಿದ್ರು. ಸೆಫಾಲಿಕ್ ಸಿಕ್ತು, ಮುಷ್ಟಿ ಆಡಿಸಲಿಲ್ಲ, ರಕ್ತ ಬರ್ತಿದ್ದ ಹಾಗೇ ಟೂರ್ನಿಕೆಟ್ ಬಿಚ್ಚಿದ, ಪ್ಲೇನ್ ಟ್ಯೂಬ್ ಮೊದಲು. ಪೊಟ್ಯಾಶಿಯಂ 4.3, ಕ್ಯಾಲ್ಸಿಯಂ 9.2, ಆಲ್ಕಲೈನ್ ಫಾಸ್ಫಟೇಸ್ 86. ಡಾಕ್ಟರ್ ಅಡ್ಮಿಷನ್ ಕ್ಯಾನ್ಸಲ್ ಮಾಡಿದ್ರು, ಟೆಲ್ಮಿಸಾರ್ಟನ್ ಹಾಗೇ ಮುಂದುವರಿಸಿದ್ರು. ಮೊದಲನೇ ರಿಪೋರ್ಟನ್ನ ಸ್ಯಾಂಪಲ್ ಸರಿ ಇರ್ಲಿಲ್ಲ ಅಂತ ಬರೆದು ರದ್ದು ಮಾಡಿದ್ರು. ಇದೂ ಮುಖ್ಯ, ಇಲ್ಲಾಂದ್ರೆ ಆ 7.2 ಫೈಲಲ್ಲೇ ಉಳಿದು ಮುಂದಿನ ಸಲ ಇನ್ಯಾರೋ ಡಾಕ್ಟರ್ ಅದನ್ನ ನೋಡಿ ಮಾತ್ರೆ ಬದಲಾಯಿಸ್ಬಿಡ್ತಾರೆ.

ನನಗೆ ಅತೀ ಬೇಜಾರಾಗಿದ್ದು ಏನಂದ್ರೆ, ಬಗ್ಗಿಸೋ ಅವಶ್ಯಕತೆಯೇ ಇರ್ಲಿಲ್ಲ. ಪ್ಲೇನ್ ಟ್ಯೂಬಲ್ಲಿ ಮೊದಲು ಇದ್ದ ಒಂದೂಮುಕ್ಕಾಲು ಎಂಎಲ್ ರಕ್ತದಲ್ಲಿ ಸೆಂಟ್ರಿಫ್ಯೂಜ್ ಮಾಡಿದ್ರೆ ಮುಕ್ಕಾಲು ಎಂಎಲ್ ಹತ್ರ ಸೀರಮ್ ಸಿಗ್ತಿತ್ತು. ಈಗಿನ ಮಷಿನ್ ಒಂದೊಂದು ಟೆಸ್ಟಿಗೆ ಎಳ್ಕೊಳ್ಳೋದು ಕೆಲವೇ ಮೈಕ್ರೋಲೀಟರ್, ಆ ಪಟ್ಟಿ ಪೂರ್ತಿ ಅದರಲ್ಲೇ ಮುಗೀತಿತ್ತು. ಕಮ್ಮಿ ಬಂದ್ರೆ ಸಿಟ್ರೇಟ್ ಟ್ಯೂಬಿಗೆ ಮಾತ್ರ ರಿಯಾಯಿತಿ ಇಲ್ಲ, ಅಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ ಇರ್ಲೇಬೇಕು, ಗೆರೆ ತನಕ ತುಂಬಿಲ್ಲ ಅಂದ್ರೆ ಪಿಟಿ ಎಪಿಟಿಟಿ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅನ್ನೋ ಟೆಸ್ಟುಗಳು) ತಪ್ಪಾಗಿ ಜಾಸ್ತಿ ಬರುತ್ತೆ, ಹೊಸದಾಗೇ ತೆಗೀಬೇಕು. ಪ್ಲೇನ್ ಟ್ಯೂಬಾದ್ರೆ ಇರೋದನ್ನ ಹಾಗೇ ಕಳಿಸಿ, ಚೀಟಿ ಮೇಲೆ ಸ್ಯಾಂಪಲ್ ಕಮ್ಮಿ ಅಂತ ಬರೀರಿ, ಸಾಲುತ್ತೋ ಇಲ್ವೋ, ಸಾಲದಿದ್ರೆ ಯಾವ ಟೆಸ್ಟ್ ಮೊದಲು ಮಾಡ್ಬೇಕು ಅಂತ ಲ್ಯಾಬ್‌ಗೆ ಒಂದು ಫೋನ್ ಮಾಡಿ ಕೇಳಿ. ಆ ಆಸ್ಪತ್ರೇಲಿ ಮಾರನೇ ವಾರವೇ ಯಾವ ಟೆಸ್ಟಿನ ಗುಂಪಿಗೆ ಕನಿಷ್ಠ ಎಷ್ಟು ರಕ್ತ ಬೇಕು ಅನ್ನೋ ಪಟ್ಟೀನ ಕನ್ನಡದಲ್ಲೇ ಬರೆದು ಕಲೆಕ್ಷನ್ ಟೇಬಲ್ ಮುಂದಿನ ಗೋಡೆಗೆ ಅಂಟಿಸಿದ್ರು, ಅದರ ಕೆಳಗೆ ಲ್ಯಾಬಿನ ಇಂಟರ್‌ಕಾಮ್ ನಂಬರ್ ಇದೆ.